ಅಪ್ಪ ಕ್ಯಾಬಿನ್ ಇಳಿದು ಬಂದ ವರ್ಷ

ನಾನು ಐದನೆಯ ತರಗತಿಯಲ್ಲಿದ್ದಾಗ ಪಾಠಪುಸ್ತಕದ ಪ್ರಕಾರ ನಮ್ಮದು ಇನ್ನೂ ಮೈಸೂರು ರಾಜ್ಯ. ವಾಡಿಯಲ್ಲಿ ಆಗ ಉಗಿಯ ಇಂಜಿನ್ನುಗಳೇ ಓಡಾಡುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಒಂದು ಕಡೆಯಿಂದ ಕಲ್ಲಿದ್ದಲಿನ ಮಸಿ, ಇನ್ನೊಂದು ಕಡೆಯಿಂದ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳು ಬಂದು ಕೂರುತ್ತಿತ್ತು. ಅವ್ವ ಎರಡೆರಡು ಸಲ ಝಾಡಿಸಿ ಒಳಗೆ ತರುತ್ತಿದ್ದಳು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಬರುವಾಗ ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ನಡುಗುವುದು, ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಗಾಡಿ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವುದು ಅವರಿಗೂ ನೆನಪಿರುತ್ತದೆ.

ಅಪ್ಪನ ಹೆಸರು ಭೀಮಶಾ. ಕ್ಯಾಬಿನ್ನಿನಲ್ಲಿ ಕೆಲಸ. ಹಳಿಗಳ ಪಕ್ಕ ಎತ್ತರಕ್ಕೆ ಕಟ್ಟಿದ, ಮೂರು ಕಡೆ ಗಾಜಿನ ಕಿಟಕಿಗಳಿದ್ದ ಆ ಕೋಣೆಯಲ್ಲಿ ಕಬ್ಬಿಣದ ಲಿವರುಗಳು ಸಾಲಾಗಿ ನಿಂತಿದ್ದವು. ಒಂದನ್ನು ಎಳೆದರೆ ದೂರದಲ್ಲಿ ಹಳಿ ಸರಿಯುತ್ತಿತ್ತು, ಇನ್ನೊಂದನ್ನು ಎಳೆದರೆ ಸಿಗ್ನಲ್ಲಿನ ಕೈ ಬೀಳುತ್ತಿತ್ತು. ನಮ್ಮ ಅಜ್ಜ ಕಾಗಿಣಾ ನದಿಯಲ್ಲಿ ಹರಗೋಲು ಹಾಕಿ ಮಂದಿಯನ್ನು ದಾಟಿಸಿದವನು. ಅವನ ಮಗ ಇಷ್ಟು ದೊಡ್ಡ ಗಾಡಿಗಳನ್ನು ದಾಟಿಸುತ್ತಾನೆಂದು ಅವ್ವನಿಗೆ ಒಳಗೊಳಗೇ ಹೆಮ್ಮೆ.

ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ಜೊತೆಗೆ ಪಕ್ಕದ ಮನೆಯ ಶಮೀಮ. ಅವಳ ಅಪ್ಪ ಖಾಸಿಂ ಚಾಚಾ ಅದೇ ಕ್ಯಾಬಿನ್ನಿನಲ್ಲಿ ನಮ್ಮಪ್ಪನ ಕೈಕೆಳಗೆ ಇದ್ದ. ನಾವಿಬ್ಬರೂ ಒಳಗೆ ಕಾಲಿಡುವಂತಿರಲಿಲ್ಲ. ಮೆಟ್ಟಿಲ ತುದಿಯಲ್ಲಿ ನಿಂತು ಡಬ್ಬಿ ಕೊಟ್ಟು, ಗ್ರೀಸಿನ ವಾಸನೆ ಕುಡಿದು, ಕೆಳಗಿಳಿದು ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಚೂರು ಆರಿಸಿ ಕುಂಟಾಟಕ್ಕೆ ಗೆರೆ ಎಳೆಯುತ್ತಿದ್ದೆವು.

ಆ ವರ್ಷ ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಅಪ್ಪನ ಮಾತು ಕಡಿಮೆಯಾಯಿತು. ಡಬ್ಬಿ ಹೋದ ಹಾಗೇ ತಿರುಗಿ ಬರತೊಡಗಿತು. ಪುಂಡಿಪಲ್ಯವೆಂದರೆ ಪ್ರಾಣ ಬಿಡುತ್ತಿದ್ದವನು ಅದನ್ನೂ ಮುಟ್ಟಲಿಲ್ಲ. ನಿದ್ದೆ ಹೋಯಿತು. ಮನೆಯಲ್ಲಿದ್ದಾಗ ಬಾಗಿಲ ಚಿಲಕ ಹಾಕಿ ಬಂದು ಕೂತವನು ಮತ್ತೆ ಎದ್ದು ಹೋಗಿ ಹಾಕಿದ್ದೇನೆಯೋ ಇಲ್ಲವೋ ಎಂದು ನೋಡಿ ಬರುತ್ತಿದ್ದ. ಒಂದು ಸಲ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಅಳತೊಡಗಿದ, ಸ್ವಲ್ಪವೂ ಸದ್ದಿಲ್ಲದೆ. ಅವ್ವ ನನ್ನನ್ನು ಹೊರಗೆ ಆಡಲು ಕಳಿಸಿದಳು. ಯಾರಿಗೂ ಹೇಳಬೇಡ ಎಂದು ಅವಳು ಹೇಳಲಿಲ್ಲ, ಆದರೆ ನನಗೆ ತಿಳಿಯಿತು. ಪ್ಯಾಸೆಂಜರ್ ಗಾಡಿಯಲ್ಲಿ ನಾಲವಾರಕ್ಕೆ ಹೋಗಿ ಮಠದಿಂದ ವಿಭೂತಿ ತಂದಳು. ಅಪ್ಪ ಬೇಡವೆನ್ನದೆ ಹಚ್ಚಿಕೊಂಡ. ನಿದ್ದೆ ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ನಾನೊಬ್ಬಳೇ ಡಬ್ಬಿ ಒಯ್ದೆ. ಮೇಲೆ, ಗಾಡಿ ಬಿಡಲೇ ಎಂದು ಪಕ್ಕದ ಸ್ಟೇಷನ್ನಿನವರು ಕೇಳುವ ಗಂಟೆ ಹೊಡೆದುಕೊಳ್ಳುತ್ತಿತ್ತು, ಉತ್ತರ ಕೊಡುವವರಿಲ್ಲ. ಅಪ್ಪ ಒಂದು ಲಿವರಿನ ಮೇಲೆ ಎರಡೂ ಕೈಯಿಟ್ಟು ನಿಂತಿದ್ದ. ದೂರದಲ್ಲಿ ಸಿಗ್ನಲ್ಲಿನ ಆಚೆ ಗೂಡ್ಸ್ ಗಾಡಿಯೊಂದು ಮೇಲಿಂದ ಮೇಲೆ ಸೀಟಿ ಹಾಕುತ್ತಿತ್ತು. ಅಪ್ಪ ತಿರುಗಿ ನನ್ನನ್ನು ನೋಡಿದ.

"ನಾಗಿ, ಇದು ನಾ ಎಳದೀನೇನು?"

ನನಗೇನು ಗೊತ್ತು. ಖಾಸಿಂ ಚಾಚಾ ಓಡಿಬಂದು ಗಂಟೆಗೆ ಉತ್ತರ ಕೊಟ್ಟು, ಅಪ್ಪನ ಕೈಯನ್ನು ಮೆಲ್ಲಗೆ ಬಿಡಿಸಿ ತಾನು ಎಳೆದ. ಗೂಡ್ಸ್ ಗಾಡಿ ಬಂತು, ಹೋಯಿತು. ಏನೂ ಆಗಲಿಲ್ಲ. ಚಾಚಾ ಇದನ್ನು ಯಾರಿಗೂ ಹೇಳುವವನಲ್ಲವೆಂದು ಅಪ್ಪನಿಗೂ ಗೊತ್ತಿತ್ತು.

ಆದರೆ ಡ್ಯೂಟಿ ಮುಗಿದ ಮೇಲೆ ಅಪ್ಪ ಮನೆಗೆ ಬರಲಿಲ್ಲ. ಶಾಲೆಗೆ ತಿರುಗಿ ಹೋಗದೆ ಕೆಳಗೆ ಆಡುತ್ತ ಕಾಯುತ್ತಿದ್ದ ನನ್ನ ಕೈ ಹಿಡಿದುಕೊಂಡು ನೇರ ಸ್ಟೇಷನ್ ಮಾಸ್ತರರ ಕೋಣೆಗೆ ಹೋದ. ಅವರು ಆಂಧ್ರದ ಕಡೆಯವರು, ನಿಧಾನವಾಗಿ ಮಾತಾಡುವ ಮನುಷ್ಯ. ಅಪ್ಪ ಟೊಪ್ಪಿಗೆ ತೆಗೆದು ನಿಂತ.

"ಸಾಹೇಬ್ರ, ನನ್ನ ತಲಿ ಸರಿ ಇಲ್ಲರಿ. ನನ್ನ ಕೈಯಾಗ ಲಿವರ್ ಕೊಡಬ್ಯಾಡ್ರಿ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕೂರಲು ಕುರ್ಚಿ ತೋರಿಸಿದರು. ಒಮ್ಮೆ ಇದು ಕಾಗದಕ್ಕೆ ಹತ್ತಿದರೆ ತಿರುಗಿ ಕ್ಯಾಬಿನ್ನಿಗೆ ಬರುವುದು ಕಷ್ಟ, ಗೊತ್ತಿದೆಯಲ್ಲ ಎಂದು ಕೇಳಿದರು. ಅದು ಗೊತ್ತಿದ್ದೇ ಬಂದಿದ್ದೇನೆ ಎಂದ ಅಪ್ಪ. ನನ್ನ ಕೈಯನ್ನು ಅವನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ ಹೊರಗೆ ಬಂದ ಮೇಲೂ ಬೆರಳುಗಳು ನೋಯುತ್ತಿದ್ದವು.

ಮೊದಲು ಸೊಲ್ಲಾಪುರದ ರೈಲ್ವೆ ದವಾಖಾನೆ, ಅಲ್ಲಿಂದ ಹೈದರಾಬಾದು. ಎರಡು ತಿಂಗಳು ಅಪ್ಪ ದವಾಖಾನೆಯಲ್ಲಿದ್ದ. ಅವ್ವ ಕಾಲೊನಿಯಲ್ಲಿ ಎಲ್ಲರಿಗೂ ಕಣ್ಣಿನ ಆಪರೇಶನ್ ಎಂದಳು. ನನಗೂ ಅದನ್ನೇ ಹೇಳಿಕೊಟ್ಟಳು. ಅವಳು ಕೊಟ್ಟದ್ದು ಒಂದೇ ಸಾಲು. ನಾನು ಅದಕ್ಕೆ ಕಣ್ಣಿನ ಪಟ್ಟಿ, ಕತ್ತಲೆ ಕೋಣೆ, ಇಂಗ್ಲಿಷ್ ಮಾತಾಡುವ ಡಾಕ್ಟರು ಎಲ್ಲವನ್ನೂ ಸೇರಿಸಿ ಶಮೀಮಳಿಗೆ ಹೇಳಿದೆ. ಅವಳು ಕಣ್ಣಗಲಿಸಿ ಕೇಳಿದಳು. ಮರುದಿನ ಅವಳ ಅಮ್ಮಿ, ನಾನು ಖಾಲಾ ಎನ್ನುತ್ತಿದ್ದವಳು, ಸಣ್ಣ ಶೀಸೆಯಲ್ಲಿ ಗುಲಾಬಿ ನೀರು ಕೊಟ್ಟು ಕಳಿಸಿದಳು. ಪಟ್ಟಿ ಬಿಚ್ಚಿದ ಮೇಲೆ ಕಣ್ಣಿಗೆ ತಂಪಾಗುತ್ತದಂತೆ. ಅವ್ವ ಆ ಶೀಸೆಯನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು, ಅದರ ಕಡೆ ಬೆನ್ನು ಮಾಡಿ ರೊಟ್ಟಿ ಬಡಿದಳು.

ಅಪ್ಪ ಬಂದಾಗ ಬೇಸಿಗೆ ಶುರುವಾಗಿತ್ತು. ಮುಖ ಊದಿಕೊಂಡಿತ್ತು, ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಆದರೆ ಊಟ ಮಾಡುತ್ತಿದ್ದ, ಮಲಗುತ್ತಿದ್ದ. ಕ್ಯಾಬಿನ್ ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಕೆಲಸ ಸಿಕ್ಕಿತು. ಅವ್ವ ಕಲಬುರಗಿಗೆ ಹೋಗಿ ಒಂದು ಕನ್ನಡಕ ತಂದಳು, ನಂಬರಿಲ್ಲದ ಬರೀ ಗಾಜಿನದು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅವಳ ಮುಖವನ್ನೂ ನೋಡಿದ. ಹಾಕಿಕೊಂಡ.

ಶಾಲೆಯಲ್ಲಿ ನಾನು ಪಾನಿವಾಲಾನ ಮಗಳಾದೆ. ಶಾಲೆಯಿದ್ದದ್ದು ಹಳಿಯ ಆಚೆ, ಪ್ಲಾಟ್‌ಫಾರ್ಮಿನ ಮೇಲೆಯೇ ದಾಟಿ ಹೋಗಬೇಕು. ಗಾಡಿ ನಿಂತಾಗ ಅಪ್ಪ ಬಕೆಟ್ಟು ಹಿಡಿದು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದ. ಚಾಚಿದ ಕೈಗಳಿಗೆಲ್ಲ ನೀರು ಹೊಯ್ಯುತ್ತಿದ್ದ. ನಾನು ಮಂದಿಯ ಸಂದಿಯಲ್ಲಿ ತಲೆ ತಗ್ಗಿಸಿ ದಾಟಿಬಿಡುತ್ತಿದ್ದೆ. ಒಂದೆರಡು ಸಲ ಅವನು ನನ್ನನ್ನು ನೋಡಿದ. ಕರೆಯಲಿಲ್ಲ.

ಒಂದು ದಿನ ಶಮೀಮ ಬಾಯಾರಿಕೆಯೆಂದು ನನ್ನನ್ನು ಅವನ ಹತ್ತಿರ ಎಳೆದುಕೊಂಡು ಹೋದಳು. ಆಗಷ್ಟೇ ನಾಲವಾರದ ಕಡೆಯಿಂದ ಪ್ಯಾಸೆಂಜರ್ ಬಂದಿತ್ತು. ಹಳಿ ರಿಪೇರಿ ಮಾಡುವ ಗ್ಯಾಂಗಿನವನೊಬ್ಬ ಇಳಿದು ಬಂದು ಅಪ್ಪನ ಮುಂದೆ ನಿಂತ. ನೀರಿಗೆ ಕೈ ಒಡ್ಡಲಿಲ್ಲ.

"ಅಣ್ಣಾ, ತಲಿ ಕೆಟ್ಟು ಹೈದರಾಬಾದಿಗೆ ಹೋಗಿ ಬಂದಾಂವ ನೀನೇ ಏನು?"

ಸುತ್ತ ನಾಲ್ಕೈದು ಜನ ಇದ್ದರು. ಅಲ್ಲ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಬಕೆಟ್ಟು ಕೆಳಗಿಟ್ಟ. ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

"ಹೌದು, ನಾನೇ. ಯಾರಿಗಾಗ್ಯದ?"

ಆ ಮನುಷ್ಯ ತನ್ನ ಎದೆಯ ಮೇಲೆ ಕೈಯಿಟ್ಟ.

"ನಿದ್ದಿ ಬರ್ತದೇನು?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

"ಸಾಯಬೇಕು ಅನಸ್ತದೇನು?"

ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅಪ್ಪನೂ ಅವನ ಪಕ್ಕ ಕೂತ. "ನನಗೂ ಅನಸ್ತಿತ್ತು" ಎಂದ. "ಹೇಳಾಕ ನಾಚಿಕಿ ಬರ್ತದ, ಹೇಳಿದ ಮ್ಯಾಲ ಸ್ವಲ್ಪ ಹಗುರ ಆಗ್ತದ. ನಾ ಇನ್ನೂ ಗುಳಿಗಿ ತಗೊಳ್ಳಾಕತ್ತೀನಿ, ನೋಡು." ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ತೋರಿಸಿದ. ಯಾವ ಗಾಡಿಗೆ ಹೋಗಬೇಕು, ಎಲ್ಲಿ ಇಳಿಯಬೇಕು, ಡಾಕ್ಟರರಿಗೆ ಏನು ಹೇಳಬೇಕು ಎಂದು ಒಂದೊಂದಾಗಿ ತಿಳಿಸಿದ. ಗಾಡಿ ಹೊರಟಿತು. ಕಿಟಕಿಯಿಂದ ಯಾರೋ ನೀರು, ನೀರು ಎಂದು ಕೂಗಿದರು. ಅಪ್ಪ ಏಳಲಿಲ್ಲ.

ನನಗೂ ಅನಸ್ತಿತ್ತು. ಅಪ್ಪನ ಬಗ್ಗೆ ಆ ಸಂಗತಿ ನನಗೆ ಗೊತ್ತಾದದ್ದು ಹೀಗೆ, ಪ್ಲಾಟ್‌ಫಾರ್ಮಿನ ಮೇಲೆ, ಗುರುತಿಲ್ಲದವರ ನಡುವೆ ನಿಂತು.

ಶಮೀಮ ನನ್ನ ಕೈ ಬಿಟ್ಟಿದ್ದಳು. ಹಳಿ ದಾಟುವ ಸೇತುವೆಯ ತನಕ ನನಗಿಂತ ಮುಂದೆ ನಡೆದಳು. ಆಮೇಲೆ ಹೇಳಿದಳು: "ಅಮ್ಮಿ ದಿನಾ ನಮಾಜಿನಾಗ ನಿಮ್ಮಪ್ಪನ ಕಣ್ಣಿಗಂತ ದುವಾ ಕೇಳ್ತಿದ್ಲು."

ಸಿಟ್ಟಿನಿಂದ ಅಂದದ್ದಲ್ಲ ಅದು. ಸಿಟ್ಟಿದ್ದರೆ ನಾನೂ ಜಗಳವಾಡಬಹುದಿತ್ತು.

ಸಂಜೆಯ ಹೊತ್ತಿಗೆ ಕಾಲೊನಿಗೆಲ್ಲ ಸುದ್ದಿ. ಅವ್ವ ಮೂರು ದಿನ ಅಪ್ಪನೊಂದಿಗೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಾಟು ಮುಂದಿಟ್ಟು, ಊರಿಗೆಲ್ಲ ಗೊತ್ತಾಯಿತಲ್ಲ, ನಾಳೆ ನಾಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕೇಳಿದಳು.

"ಅಂವ ಹಳಿ ಮ್ಯಾಲ ಕೆಲಸ ಮಾಡಾಂವ" ಎಂದ ಅಪ್ಪ. "ನಾ ಅಲ್ಲ ಅಂದಿದ್ರ ಅಂವ ಎಲ್ಲಿಗೆ ಹೋಗ್ತಿದ್ದ, ಹೇಳು."

ಅವ್ವ ತಾಟನ್ನೇ ನೋಡುತ್ತ ಕೂತಳು. ಆಮೇಲೆ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ಕನ್ನಡಕವನ್ನು ಮತ್ತೆ ನಾನು ಮನೆಯಲ್ಲಿ ನೋಡಲಿಲ್ಲ.

ಕೆಲವರು ತಮ್ಮ ಮಕ್ಕಳನ್ನು ನಮ್ಮ ಅಂಗಳಕ್ಕೆ ಕಳಿಸುವುದನ್ನು ನಿಲ್ಲಿಸಿದ್ದು ನಿಜ. ಹುಡುಗರು ಹಿಂದಿನಿಂದ ಹುಚ್ಚ ಪಾನಿವಾಲಾ ಎಂದು ಕೂಗಿ ಓಡುತ್ತಿದ್ದದ್ದೂ ನಿಜ. ಆದರೆ ಖಾಲಾ ಬಂದಳು. ಅವ್ವನ ಪಕ್ಕ ಕೂತು, ಕಣ್ಣಿಗೇನೂ ಆಗಿಲ್ಲವಲ್ಲ, ಅಷ್ಟು ಛಲೋ ಆಯಿತು ಎಂದಳು. ಅವ್ವ ಅವಳ ಮುಂದೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಆಮೇಲೆ ಇಬ್ಬರೂ ತೊಗರಿ ಬೇಳೆ ಹಸನು ಮಾಡುತ್ತ ಕತ್ತಲಾಗುವ ತನಕ ಮಾತಾಡಿದರು.

ಶಮೀಮಳೂ ಬಂದಳು. ಬೆಳಿಗ್ಗೆ ಶಾಲೆಗೆ ಹೋಗುವಾಗ ನಲ್ಲಿಯ ಹತ್ತಿರ ಎಂದಿನಂತೆ ನಿಂತು ಕಾಯುತ್ತಿದ್ದಳು. ನಾನು ಹಿಂದಿನ ಬಾಗಿಲಿನಿಂದ ಗೋಡೌನಿನ ಬದಿಯಲ್ಲಿ ಸುತ್ತಿ ಹೋದೆ. ಮರುದಿನವೂ ನಿಂತಿದ್ದಳು, ಅದರ ಮರುದಿನವೂ. ಆಮೇಲೆ ನಿಲ್ಲಲಿಲ್ಲ. ಆ ಬೇಸಿಗೆಯೆಲ್ಲ ನಾನು ಒಬ್ಬಳೇ ಗೆರೆ ಎಳೆದು ಒಬ್ಬಳೇ ಕುಂಟಿದೆ. ಔಟಾದರೆ ಔಟೆನ್ನುವವರಿರಲಿಲ್ಲ, ಹಾಗಾಗಿ ಆಟ ಮುಗಿಯುತ್ತಲೂ ಇರಲಿಲ್ಲ. ಬಿಸಿಲಿಗೆ ಕಾದ ಪರ್ಸಿ ಕಲ್ಲು ಅಂಗಾಲು ಸುಡುತ್ತಿತ್ತು. ಮಳೆಗಾಲದ ಮೊದಲು ಖಾಸಿಂ ಚಾಚಾನಿಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ಅವರು ಹೊರಟ ದಿನ ಅವ್ವ ಅಪ್ಪ ಇಬ್ಬರೂ ಸ್ಟೇಷನ್ನಿಗೆ ಹೋದರು. ನಾನು ಹೊಟ್ಟೆನೋವೆಂದು ಮಲಗಿದ್ದೆ. ಗಾಡಿ ಹೊರಟಾಗ ಗೂಡಿನಲ್ಲಿ ಲೋಟಗಳು ನಡುಗಿದವು. ಎದ್ದು ಕಿಟಕಿಗೆ ಹೋಗುವಷ್ಟರಲ್ಲಿ ಕೊನೆಯ ಡಬ್ಬಿಯೂ ದಾಟಿತ್ತು.

ಆಮೇಲೆ ಅಪ್ಪನನ್ನು ಹುಡುಕಿಕೊಂಡು ಮಂದಿ ಬರತೊಡಗಿದರು. ಹೆಚ್ಚಲ್ಲ, ತಿಂಗಳಿಗೆ ಒಬ್ಬರೋ ಇಬ್ಬರೋ. ಶಹಾಬಾದಿನ ಕಲ್ಲಿನ ಗಣಿಯಿಂದ ಒಬ್ಬ, ಚಿತ್ತಾಪುರದಿಂದ ಮಗನನ್ನು ಕರೆದುಕೊಂಡು ಬಂದ ತಾಯಿ ಒಬ್ಬಳು, ಸೆರಗಿನಲ್ಲಿ ಮುಖ ಮುಚ್ಚಿಕೊಂಡವರು. ಅಪ್ಪ ಅವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ತನಗಾದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದ. ತಾನು ಪೂರ್ತಿ ಗುಣವಾಗಿದ್ದೇನೆಂದು ಯಾರಿಗೂ ಹೇಳಲಿಲ್ಲ. ಮುಂದೆ ಇನ್ನೆರಡು ಸಲ ಅವನಿಗೆ ಹಾಗೇ ಆಯಿತು. ಎರಡು ಸಲವೂ ತಾನೇ ಗಾಡಿ ಹತ್ತಿ ಹೋಗಿ ಬಂದ. ನನ್ನನ್ನು ನೋಡಲು ಬಂದ ಎರಡು ಮನೆಯವರು ಇದನ್ನು ಕೇಳಿ ಎದ್ದು ಹೋದರು. ಸೇಡಂ ಕಡೆಯವರು ಹೋಗಲಿಲ್ಲ. ಅವರಿಗೂ ಅಪ್ಪ ಚಹಾ ಬರುವ ಮೊದಲೇ ಹೇಳಿಬಿಟ್ಟಿದ್ದ.

ಅಪ್ಪ ತೀರಿಕೊಂಡಾಗ ಮಣ್ಣಿಗೆ ಬಂದವರಲ್ಲಿ ನನಗೆ ಗುರುತಿಲ್ಲದವರು ಬಹಳ ಮಂದಿ ಇದ್ದರು. ಕಾಳಗಿಯಿಂದ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನ ಕೈ ಹಿಡಿದು ಕೂತು, ಅಪ್ಪ ತನಗೆ ಹೇಳಿದ್ದೊಂದನ್ನು ಹೇಳಿದಳು. ಸ್ಟೇಷನ್ ಮಾಸ್ತರರಿಗೆ ಹೇಳುವ ಮೊದಲು ಅವನು ಎಂಟು ದಿನ ಇಂಜಿನ್ನಿಗೆ ನೀರು ತುಂಬುವ ಟಾಕಿಯ ಹಿಂದೆ ಒಬ್ಬನೇ ನಿಂತು, ತಲಿ ಸರಿ ಇಲ್ಲ ಎನ್ನುವ ಆ ಒಂದು ಮಾತನ್ನು ಬಾಯಿಬಿಟ್ಟು ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದನಂತೆ. ಪ್ರತಿ ಸಲವೂ ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದನಂತೆ. ಗಾಡಿ ಸೀಟಿ ಹಾಕುವಾಗ ಜೋರಾಗಿ ಹೇಳುತ್ತಿದ್ದನಂತೆ, ಯಾರಿಗೂ ಕೇಳಿಸಬಾರದೆಂದು.

ನಾನು ಅವಳನ್ನು ಇನ್ನೂ ಏನೇನು ಹೇಳಿದ್ದ ಎಂದು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. "ಯವ್ವಾ, ನಿನಗ ಗೊತ್ತಿರಬೇಕಲ್ಲ" ಎಂದಳು.

ಈಗ ಆ ಕ್ಯಾಬಿನ್ ಇಲ್ಲ, ಟಾಕಿ ಇಲ್ಲ, ನಾವಿದ್ದ ಸಾಲಿನ ಮನೆಗಳೂ ಇಲ್ಲ. ಗಾಡಿಗಳು ಸದ್ದು ಕಡಿಮೆ ಮಾಡಿಕೊಂಡು ಬಂದು ಹೋಗುತ್ತವೆ. ಆ ಹಳೆಯದೆಲ್ಲ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಮದುವೆಯಾಗುವ ತನಕ ನಾನು ಆ ಎರಡು ಕೋಣೆಯ ಮನೆಯಲ್ಲಿ ಅಪ್ಪನ ಜೊತೆಗಿದ್ದೆ. ಅವನ ಎದುರು ಕೂತು ಊಟ ಮಾಡಿದೆ. ಅವನ ಗುಳಿಗೆ ಮುಗಿದಾಗ ನೆನಪು ಮಾಡಿದೆ. ಕೇಳಿದವರಿಗೆಲ್ಲ, ದಾರಿಯಲ್ಲಿ ಹೋಗುವವರಿಗೂ, ತನ್ನ ಕಷ್ಟವನ್ನು ಬಿಚ್ಚಿ ಹೇಳುತ್ತಿದ್ದ ಮನುಷ್ಯ ಅವನು.

ನಾನು ಒಂದು ದಿನವೂ ಕೇಳಲಿಲ್ಲ.