ನಾನು ಕಿತ್ತುಹಾಕಿದ ಷರಾ

ಚಂದ್ರಕ್ಕ, ಅವತ್ತು ಸಭೆಯಲ್ಲಿ ಸುಳ್ಳು ಹೇಳಿದವಳು ನಾನು. ಡಾಕ್ಟರು ನನ್ನ ಮುಖ ನೋಡಿ ಒಂದು ಪ್ರಶ್ನೆ ಕೇಳಿದರು, ನಾನು ನಾಲ್ಕು ಪದದ ಉತ್ತರ ಕೊಟ್ಟೆ, ನಿಮ್ಮ ಹದಿನಾಲ್ಕು ವರ್ಷದ ಕೆಲಸ ಹೋಯಿತು. ಹೇಳುವಾಗ ನನ್ನ ನಾಲಿಗೆ ತೊದಲಲಿಲ್ಲ. ಇನ್ನೂ ಒಂದು — ಬರೆಯಲು ಕೂತ ಮೇಲೆ ಇದನ್ನು ಬಿಡಬಾರದು — ಸಭೆ ಮುಗಿಸಿ ಕ್ಯಾಂಟೀನಿಗೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದೆ. ಹಸಿವಾಗಿತ್ತು.

ಈ ಕಾಗದವನ್ನು ನಿಮ್ಮ ಜೊತೆಗೆ ಬೇರೆಯವರೂ ಓದಬೇಕೆಂದು ಬರೆಯುತ್ತಿದ್ದೇನೆ, ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ. ನಮ್ಮದು ಹಾಸನದಲ್ಲಿ ಡಾಕ್ಟರು ನಡೆಸುವ ಒಂದು ಕಣ್ಣಿನ ಟ್ರಸ್ಟ್. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ — ನಾಲ್ಕು ತಾಲ್ಲೂಕು, ತಾಲ್ಲೂಕಿಗೆ ಒಬ್ಬ ಮೇಲ್ವಿಚಾರಕಿ. ಹಳ್ಳಿಗಳಲ್ಲಿ ಕಣ್ಣಿಗೆ ಪೊರೆ ಬಂದವರನ್ನು ಹುಡುಕಿ, ಒಪ್ಪಿಸಿ, ಆಪರೇಷನ್ನಿಗೆ ಕರೆತಂದು, ಮತ್ತೆ ಮನೆ ಮುಟ್ಟಿಸುವುದು ಅವರ ಕೆಲಸ. ವರ್ಷಕ್ಕೆ ಇಷ್ಟು ಜನ ಎಂದು ಗುರಿ. ಅರಕಲಗೂಡು ನಿಮ್ಮದಾಗಿತ್ತು. ನಾನು ಹೊಳೆನರಸೀಪುರದ ಅಗ್ರಹಾರದ ಮೇಷ್ಟರ ಮಗಳು, ಓದು ಮುಗಿಸಿ ಆಫೀಸಿನ ಲೆಕ್ಕವಿಡಲು ಸೇರಿದವಳು. ಮೊದಲ ತಿಂಗಳು ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹಳ್ಳಿ ಹಳ್ಳಿ ತಿರುಗಿಸಿ ಕೆಲಸ ಕಲಿಸಿದವರು ನೀವು.

ಆಗ ಎಲ್ಲವೂ ಎಕ್ಸೆಲ್ ಹಾಳೆಯಲ್ಲಿತ್ತು. ಒಬ್ಬೊಬ್ಬರ ಹಾಳೆ ಒಂದೊಂದು ಅವತಾರ. ‘ಕೊನೇದು’, ‘ಕೊನೇದು ಎರಡು’, ‘ಇದೇ ನಿಜವಾದ ಕೊನೇದು’ ಎಂದು ಹೆಸರಿಟ್ಟ ಕಡತಗಳು. ಶಾಂತಿಗ್ರಾಮದ ಒಬ್ಬ ಅಜ್ಜ ಹಾಸನದ ಹಾಳೆಯಲ್ಲೂ ಚನ್ನರಾಯಪಟ್ಟಣದ ಹಾಳೆಯಲ್ಲೂ ಸೇರಿ ನಾಲ್ಕು ಕಣ್ಣಿನವನಾಗಿದ್ದ. ನಿಮ್ಮ ಹಾಳೆಯಲ್ಲಿ ಮಾತ್ರ ಕೊನೆಯ ಕಾಲಂ — ಷರಾ — ಗದ್ದೆಯಷ್ಟು ಅಗಲ. ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನೀವು ಅಲ್ಲಿ ಊರಿನ ಸುದ್ದಿಯನ್ನೆಲ್ಲ ತುಂಬುತ್ತಿದ್ದಿರಿ. ಪ್ರಿಂಟು ತೆಗೆದರೆ ಎರಡು ಕಾಗದಕ್ಕೆ ಗೋಂದು ಹಚ್ಚಿ ಜೋಡಿಸಬೇಕಿತ್ತು.

ತಿಂಗಳ ಸಭೆಯಲ್ಲಿ ಡಾಕ್ಟರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ‘ರುದ್ರಪಟ್ಟಣದ ಪುಟ್ಟಸ್ವಾಮಿ — ಸಂಗೀತೋತ್ಸವ ಮುಗೀಲಿ ಅಂತಾನೆ. ಕೇಳಾಕೆ ಕಣ್ಯಾಕೆ ಅಂದೆ. ಆಡೋರ ಮಖ ನೋಡ್ಬೇಕಂತೆ. ಅಂಗಾದ್ರೆ ಮೊದ್ಲೇ ಬಾ ಅಂದೆ, ಬಂದ.’ ‘ತಿಮ್ಮೇಗೌಡ — ಒಂದು ಕಣ್ಣು ಸಾಕು ಅಂತಾನೆ. ಎಂಡ್ರು ನೋಡಾಕೆ ಅದೇ ಜಾಸ್ತಿಯಂತೆ.’ ಎಲ್ಲರೂ ನಗುತ್ತಿದ್ದರು. ಆ ನಗುವಿನ ನಡುವೆಯೇ ಯಾರ ಮನೆಗೆ ಯಾವಾಗ ಮತ್ತೆ ಹೋಗಬೇಕು ಎಂಬುದೂ ತೀರ್ಮಾನವಾಗುತ್ತಿತ್ತು. ನಿಮ್ಮದಾದ ಮೇಲೆ ನನ್ನ ಸರದಿ. ನಾನು ರಾತ್ರಿ ಹಗಲು ಕೂತು ಕೂಡಿಸಿದ ಅಂಕಿ ಅಂಶ ಬರುವ ಹೊತ್ತಿಗೆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ‘ಸರಿ ಸರಿ, ಮೇಲ್ ಮಾಡಮ್ಮ’ ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಮುಗಿಸದ ಹೆಂಗಸಿನ ಹರಟೆಗೆ ಇರುವ ಬೆಲೆ ನನ್ನ ಓದಿಗೆ ಇಲ್ಲವಲ್ಲ — ನನ್ನ ಹೊಟ್ಟೆ ಉರಿಯುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಹುಡುಕಿದ್ದೇನೆ. ಇರಲಿಲ್ಲ.

ಗುರಿಗಳನ್ನೆಲ್ಲ ಎಕ್ಸೆಲ್ ಬಿಟ್ಟು ಸಾಫ್ಟ್‌ವೇರಿಗೆ ಹಾಕೋಣ ಎಂದು ಹೇಳಿದ್ದು ನಾನು. ಹೇಳಿದ್ದು ತಪ್ಪಲ್ಲ, ಬಂದ ಸಾಫ್ಟ್‌ವೇರೂ ಒಳ್ಳೆಯದೇ. ಒಬ್ಬ ಅಜ್ಜನನ್ನು ಎರಡು ಸಲ ಎಣಿಸುವುದು ನಿಂತಿತು. ಯಾರು ಎಲ್ಲಿದ್ದಾರೆ ಎಂಬುದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಗೋಡೆಯ ಮೇಲೆ ಕಾಣುತ್ತಿತ್ತು. ಡಾಕ್ಟರು ಹೊಸ ಆಟಿಕೆ ಸಿಕ್ಕವರಂತೆ ನೋಡುತ್ತ ಕೂರುತ್ತಿದ್ದರು. ಅದರಲ್ಲಿ ಷರಾ ಬರೆಯಲು ಜಾಗವೂ ಇತ್ತು, ತಿಂಗಳಿಗೆ ತಕ್ಕಂತೆ ಗುರಿ ಹೆಚ್ಚು ಕಡಿಮೆ ಮಾಡುವ ಅವಕಾಶವೂ ಇತ್ತು. ‘ಟಿಪ್ಪಣಿ ಬೇಕೆ?’ ಎಂದು ಅದೇ ಕೇಳಿತು. ನಾನು ಬೇಡ ಎಂದು ಒತ್ತಿದೆ. ಹೊಸದರಲ್ಲಿ ಹರಟೆಗೆ ಜಾಗವಿಲ್ಲ ಎಂದು ನಿಮಗೆ ಹೇಳಿದೆ. ನೀವು, ‘ಓಗ್ಲಿ ಬುಡು, ಮಿಷನ್ಗೇನ್ ಗೊತ್ತಾಯ್ತದೆ’ ಎಂದು ನಕ್ಕಿರಿ. ಆ ನಗುವನ್ನೂ ನನಗೆ ಸಹಿಸಲಾಗಲಿಲ್ಲ.

ಆಮೇಲೆ ನೀವು ಫೋನು ಮಾಡಿದಿರಿ. ಜೂನ್ ತಿಂಗಳಿರಬೇಕು.

‘ಶುಭಮ್ಮ, ನಮ್ ಕಡೆ ಮೂರ್ನಾಕ್ ತಿಂಗ್ಳು ಗುರಿ ಕಮ್ಮಿ ಆಕ್ಬುಡಮ್ಮ. ಹೊಗೆಸೊಪ್ಪು ಬೇಯ್ಸೋ ಕಾಲ. ಕಣ್ ಕುಯ್ಸ್ಕಂಡ್ ಬಂದು ಬ್ಯಾರನ್ ಮುಂದೆ ಕುಂತ್ಕಂಡ್ರೆ ಕಣ್ಣು ಉಳೀತದಾ? ದೀಪಾವಳಿ ಆಗ್ಲಿ, ಎಲ್ಡರಷ್ಟು ಜನ ಕರ್ಕಂಬತ್ತೀನಿ.’

ಇದು ಹೊಸ ವಿಷಯವಲ್ಲ. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೇಯಿಸುವ ಆ ಬ್ಯಾರನ್ ಕಟ್ಟಡಗಳಿಗೆ ಬೆಂಕಿ ಹಾಕಿದರೆಂದರೆ ಮನೆಯ ಮುದುಕಿಯರೂ ಸೊಪ್ಪು ಕಟ್ಟಲು ಕೂರಬೇಕು. ಹೊಗೆ, ಧೂಳು, ಕಾವು. ಹಾಗಾಗಿ ಪ್ರತಿ ವರ್ಷ ಆ ತಿಂಗಳುಗಳಲ್ಲಿ ನಿಮ್ಮ ಹಾಳೆ ಖಾಲಿ, ಷರಾ ಮಾತ್ರ ಭರ್ತಿ — ‘ಸೊಪ್ಪು ಮುಗಿದ ಮೇಲೆ’, ‘ಸೊಪ್ಪು ಮುಗಿದ ಮೇಲೆ’ ಎಂದು ಸಾಲು ಸಾಲು. ದೀಪಾವಳಿ ಕಳೆದ ಮೇಲೆ ವ್ಯಾನು ತುಂಬಿ ಬರುತ್ತಿತ್ತು, ವರ್ಷದ ಗುರಿ ಎಂದೂ ತಪ್ಪಲಿಲ್ಲ. ನನಗೆ ಇದೆಲ್ಲ ನಿಮ್ಮಿಂದಲೇ ಗೊತ್ತಿತ್ತು. ‘ಆಯ್ತು ಅಕ್ಕ, ಕಡಿಮೆ ಮಾಡ್ತೀನಿ’ ಎಂದೆ.

ಮಾಡಲಿಲ್ಲ. ವರ್ಷದ ಗುರಿಯನ್ನು ಹನ್ನೆರಡು ಸಮ ಪಾಲು ಮಾಡಿ ಬಿಟ್ಟೆ. ಆಗಸ್ಟಿನ ಹೊತ್ತಿಗೆ ಅರಕಲಗೂಡು ಗೋಡೆಯ ಮೇಲೆ ಕೆಂಪಾಗಿ ಕೂತಿತು. ಡಾಕ್ಟರು, ‘ಏನಿದು ನಮ್ಮ ಚಂದ್ರಮ್ಮ?’ ಎಂದರೆ, ‘ವಯಸ್ಸಾಯ್ತಲ್ಲ ಸರ್, ಮೊದಲಿನ ಹಾಗೆ ಓಡಾಡಲ್ಲ’ ಎಂದೆ. ನೀವು ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತು ಎರಡನೇ ಸಲ ಹೇಳಿದಿರಿ. ಕೈಯಲ್ಲಿ ಮನೆಯ ನುಗ್ಗೆಕಾಯಿ ತಂದಿದ್ದಿರಿ. ‘ಮಾಡಿದ್ದೀನಿ ಅಕ್ಕ, ಬಣ್ಣ ಬದಲಾಗೋಕೆ ಸ್ವಲ್ಪ ದಿನ ಬೇಕು’ ಎಂದೆ. ನುಗ್ಗೆಕಾಯಿ ತೆಗೆದುಕೊಂಡೆ.

ಇಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸುವ ಹೆಂಗಸಾಗಿರಲಿಲ್ಲ ನಾನು. ಗುರಿ ಹಿಂದೆ ಬಿದ್ದವರ ಮೊಬೈಲಿಗೆ ಸಾಫ್ಟ್‌ವೇರು ವಾರಕ್ಕೊಮ್ಮೆ ತಾನಾಗಿ ಸಂದೇಶ ಕಳಿಸುತ್ತದೆ. ನಿಮ್ಮೊಬ್ಬರ ಹೆಸರಿಗೆ ಅದನ್ನು ದಿನಕ್ಕೊಮ್ಮೆ ಎಂದು ಬದಲಿಸಿದೆ. ಬೆಳಗ್ಗೆ ಏಳಕ್ಕೆ. ‘ನಿಮ್ಮ ಗುರಿ ಹಿಂದುಳಿದಿದೆ. ಕೂಡಲೇ ಕ್ರಮ ಕೈಗೊಳ್ಳಿ.’ ಕೆಳಗೆ ಟ್ರಸ್ಟಿನ ಹೆಸರು. ನೀವು ಅದನ್ನು ಡಾಕ್ಟರೇ ಬರೆಯುತ್ತಿದ್ದಾರೆ ಎಂದುಕೊಂಡಿರಿ. ಉತ್ತರ ಬರೆಯತೊಡಗಿದಿರಿ.

‘ಆಯ್ತು ಸಾ. ಇವತ್ತು ಎಲ್ಡು ಹಳ್ಳಿಗೆ ಓಯ್ತಾ ಇವ್ನಿ.’

‘ಸಾ, ಸೊಪ್ಪು ಮುಗೀಲಿ ಸಾ. ಶುಭಮ್ಮಂಗೂ ಏಳಿವ್ನಿ.’

‘ಸಾ, ದಿನಾ ಇಷ್ಟ್ ಬೇಗ ಎದ್ದು ಬರೀತೀರಿ. ಮೈ ಉಷಾರಾಗಿದ್ದೀರಾ. ಕಾಫಿ ಆಯ್ತಾ.’

ಆ ಉತ್ತರಗಳೆಲ್ಲ ಬಂದು ಬೀಳುತ್ತಿದ್ದದ್ದು ನನ್ನ ಕಂಪ್ಯೂಟರಿಗೆ. ಡಾಕ್ಟರಿಗೆ ಹೋಗುತ್ತಿರಲಿಲ್ಲ. ಹಾಸನದ ಮೇಲ್ವಿಚಾರಕಿಯನ್ನೂ ಡ್ರೈವರನ್ನೂ ಕರೆದು ತೋರಿಸಿದೆ. ‘ಮಿಷನ್ನಿಗೆ ಕಾಫಿ ಆಯ್ತಾ ಅಂತ ಕೇಳ್ತಾರೆ ನೋಡಿ’ ಎಂದು ಬಿದ್ದು ಬಿದ್ದು ನಕ್ಕೆವು. ನಿಮ್ಮ ಷರಾ ಓದಿ ಡಾಕ್ಟರ ಸಭೆ ನಗುತ್ತಿತ್ತಲ್ಲ, ಅಷ್ಟೇ ಜೋರಾಗಿ ನಗಿಸಿದೆ ಎಂಬ ಹೆಮ್ಮೆ ನನಗೆ. ನಿಮ್ಮ ಕಾರಣಗಳೆಲ್ಲ, ನೀವು ಮೂರನೇ ಸಲ ಹೇಳಿದ್ದೂ, ಅಲ್ಲೇ ನನ್ನ ಕಣ್ಣ ಮುಂದೆ ಇತ್ತು.

ಸೆಪ್ಟೆಂಬರಿನಲ್ಲಿ ನೀವು ಸೋತಿರಿ. ಡಾಕ್ಟರು ದಿನಾ ಬೆಳಗ್ಗೆ ಕೇಳುತ್ತಿದ್ದಾರೆ ಎಂದರೆ ಎಷ್ಟು ದಿನ ಇಲ್ಲ ಎನ್ನುತ್ತೀರಿ? ಬ್ಯಾರನ್ನುಗಳಿಗೇ ಹೋಗಿ ಸೊಪ್ಪು ಕಟ್ಟುತ್ತ ಕೂತಿದ್ದವರನ್ನು ಎಬ್ಬಿಸಿ ಕರೆತಂದಿರಿ. ಎಂಟು ಜನ. ಏಳು ಜನರನ್ನು ಅವರ ಮನೆಯವರು ಒಂದು ತಿಂಗಳು ಹೊಗೆಯಿಂದ ದೂರ ಇಟ್ಟುಕೊಂಡರು. ಎಂಟನೆಯವಳು ನಿಂಗಮ್ಮ. ಗಂಡನಿಲ್ಲ, ಕೂಲಿಗೆ ಹೋಗದಿದ್ದರೆ ನಡೆಯದು. ಆಪರೇಷನ್ನಾದ ಐದನೇ ದಿನಕ್ಕೆ ಕಣ್ಣಿನ ಪಟ್ಟಿ ಬಿಚ್ಚಿಟ್ಟು ಬ್ಯಾರನ್ನಿಗೆ ಹೋದಳು. ಕಣ್ಣಿನಲ್ಲಿ ಕೀವಾಗಿ, ನೀವು ಓಡಿ ಹೋಗಿ ಕರೆತರುವಷ್ಟರಲ್ಲಿ — ಆ ಕಣ್ಣನ್ನು ತೆಗೆಯಬೇಕಾಯಿತು.

ಆ ವಾರ ನಾನು ಗೋಡೆಯ ಮೇಲೆ ನೋಡಿದೆ. ಅರಕಲಗೂಡು ಕೆಂಪಿನಿಂದ ಹಳದಿಗೆ ಬಂದಿತ್ತು. ಕರೆತಂದ ಎಂಟೂ ಜನ ಲೆಕ್ಕಕ್ಕೆ ಸೇರಿದ್ದರು, ನಿಂಗಮ್ಮನೂ.

ಸಭೆಯಲ್ಲಿ ಡಾಕ್ಟರು ನಿಂತೇ ಮಾತಾಡಿದರು. ಮೂವತ್ತು ವರ್ಷ ಕಣ್ಣು ಕೊಟ್ಟವರು, ಒಂದು ಕಣ್ಣು ತೆಗೆದು ಬಂದಿದ್ದರು. ‘ಈ ಕಾಲದಲ್ಲಿ ಬೇಡ ಅಂತ ಪ್ರತಿ ವರ್ಷ ನೀವೇ ಬರೀತಿದ್ರಲ್ಲ ಚಂದ್ರಮ್ಮ. ಈ ಸಲ ಯಾಕೆ ಕರ್ಕೊಂಡು ಬಂದ್ರಿ?’

‘ಗುರಿ ಕಮ್ಮಿ ಮಾಡು ಅಂತ ಶುಭಮ್ಮಂಗೆ ಏಳಿದ್ದೆ ಸಾ. ಆದ್ರೂ ದಿನಾ ಬೆಳಗಾನೆ ನೀವು ಕೇಳ್ತಿದ್ರಲ್ಲ ಸಾ.’

‘ನಾನಾ? ನಾನೆಲ್ಲಿ ಕೇಳಿದೆ?’

ನೀವು ಮೊಬೈಲು ತೆಗೆದು ತೋರಿಸಿದಿರಿ. ಆ ಹಳೆಯ ಮೊಬೈಲಿನಲ್ಲಿ ಬಂದ ಸಂದೇಶ ಮಾತ್ರ ಉಳಿಯುತ್ತಿತ್ತು, ನೀವು ಬರೆದ ಉತ್ತರ ಉಳಿಯುತ್ತಿರಲಿಲ್ಲ. ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು — ನಾನು ಮೊದಲೇ ನಗಿಸಿಟ್ಟಿದ್ದ ಜನ. ‘ಅದು ಯಂತ್ರ ಕಳಿಸೋದು ಸರ್, ಎಲ್ಲರಿಗೂ ಹೋಗುತ್ತೆ’ ಎಂದೆ ನಾನು. ನಿಮ್ಮ ಮುಖ ಸಣ್ಣಗಾಯಿತು. ಇಷ್ಟು ದಿನ ಕಾಫಿ ಆಯ್ತಾ ಎಂದು ಕೇಳಿದ್ದು ಯಾರನ್ನು ಎಂದು ಆಗ ನಿಮಗೆ ಗೊತ್ತಾಗಿದ್ದನ್ನು ನಾನು ನೋಡಿದೆ.

ಡಾಕ್ಟರು ನನ್ನ ಕಡೆ ತಿರುಗಿದರು. ‘ಶುಭಾ, ಗುರಿ ಕಡಿಮೆ ಮಾಡಿ ಅಂತ ಇವರು ನಿಮಗೆ ಹೇಳಿದ್ರಾ?’

‘ಇಲ್ಲ ಸರ್. ಏನೂ ಹೇಳಿಲ್ಲ.’

ನೀವು ನನ್ನನ್ನು ನೋಡಿದಿರಿ. ಸಿಟ್ಟಿನಿಂದಲ್ಲ — ಏನೋ ನೆನಪು ಮಾಡಿಕೊಳ್ಳುವವರ ಹಾಗೆ. ಡಾಕ್ಟರು ಸಾಫ್ಟ್‌ವೇರಿನಲ್ಲಿ ದಾಖಲೆ ತೆಗೆಸಿದರು. ಗುರಿಯನ್ನು ಯಾರು ಯಾವಾಗ ಎಷ್ಟು ಬದಲಿಸಿದರು ಎಂಬುದನ್ನೆಲ್ಲ ಅದು ಇಟ್ಟುಕೊಂಡಿರುತ್ತದೆ. ಅರಕಲಗೂಡಿನ ಗುರಿಗೆ ಯಾವ ಬದಲಾವಣೆಯೂ ಇರಲಿಲ್ಲ, ಏಕೆಂದರೆ ನಾನು ಮಾಡಿರಲಿಲ್ಲ. ಫೋನಿನಲ್ಲಿ ಹೇಳಿದ ಮಾತು, ಮೇಜಿನ ಮುಂದೆ ನಿಂತು ಹೇಳಿದ ಮಾತು ಅದಕ್ಕೇನು ಗೊತ್ತು? ನಿಮ್ಮ ಉತ್ತರಗಳ ಪೆಟ್ಟಿಗೆಯನ್ನು ಮಾತ್ರ ಯಾರೂ ತೆರೆಯಿರಿ ಎನ್ನಲಿಲ್ಲ. ಅಂಥದ್ದೊಂದು ಇದೆ ಎಂದು ಗೊತ್ತಿದ್ದವರು ನಾವು ಮೂವರೇ. ಆ ತಿಂಗಳ ಕೊನೆಗೆ ನಿಮ್ಮನ್ನು ಕೆಲಸದಿಂದ ತೆಗೆದರು.

ನನಗೆ ಬಡ್ತಿ ಬಂತು. ವರ್ಷಗಳು ಹೋದವು. ನಿದ್ದೆ ಬರುತ್ತಿರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ, ಚೆನ್ನಾಗಿಯೇ ಬರುತ್ತಿತ್ತು. ಡಾಕ್ಟರು ಹೊಸಬರಿಗೆ ನಿಮ್ಮ ಕಥೆ ಹೇಳುತ್ತಿದ್ದರು — ಎಂಥ ಕೆಲಸಗಾರರೂ ಗುರಿಯ ಆಸೆಗೆ ಬಿದ್ದರೆ ಏನಾಗುತ್ತದೆ ನೋಡಿ ಎಂದು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ.

ಹೋದ ತಿಂಗಳು ಶಾಂತಿಗ್ರಾಮದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೀವು ಸಿಕ್ಕಿರಿ. ಗುರುತು ಸಿಗದಂತೆ ಮುಖ ತಿರುಗಿಸಿಕೊಂಡೆ. ನೀವೇ ಬಂದು ಕೈ ಹಿಡಿದಿರಿ. ಬೈಯುತ್ತೀರಿ ಎಂದುಕೊಂಡೆ — ಬೈದಿದ್ದರೆ ಒಳ್ಳೆಯದಿತ್ತು.

‘ಶುಭಮ್ಮ, ನಿನ್ನ ಎಲ್ರ ಮುಂದೆ ಸಿಗಾಕ್ಸ್‌ಬುಟ್ಟೆ ಕಣಮ್ಮ. ತಪ್ಪಾಯ್ತು. ಏಳಿದ್ದೆ ಅಂತ್ಲೇ ಅನ್ಕಂಡಿದ್ದೆ. ಆಮ್ಯಾಕೆ ಎಷ್ಟ್ ಯೋಚ್ನೆ ಮಾಡಿದ್ರೂ... ಮನ್ಸಲ್ಲೇ ಏಳ್ಕಂಡು ಬಾಯಲ್ಲಿ ಏಳೇ ಇರ್ನಿಲ್ವೇನೋ. ನನ್ ಮರೆವಿಗೆ ಆ ನಿಂಗಮ್ಮನ ಕಣ್ಣು ಓಯ್ತು.’

ಪ್ರತಿ ಸೋಮವಾರ ನೀವು ಅವಳ ಮನೆಗೆ ಹೋಗಿ ತಲೆ ಬಾಚಿ, ನೀರು ತುಂಬಿಟ್ಟು ಬರುತ್ತೀರಂತೆ. ಎಷ್ಟು ವರ್ಷದಿಂದ? ಕೇಳುವ ಧೈರ್ಯ ನನಗಾಗಲಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ಎದುರಿಗೇ ಕೂರುತ್ತೀರಂತೆ, ಬಾಗಿಲು ಹಾಕಿ ಬಂದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುತ್ತೀರಂತೆ. ತಾಲ್ಲೂಕಿನ ಪ್ರತಿ ಮನೆಯ ಎಮ್ಮೆ ಯಾವಾಗ ಈಯುತ್ತದೆ ಎಂದು ತಲೆಯಲ್ಲಿ ಇಟ್ಟುಕೊಂಡಿದ್ದ ಹೆಂಗಸು.

ಆಗಲೂ ಬಾಯಿ ತೆರೆಯಲು ಅವಕಾಶವಿತ್ತು, ಬಸ್ಸು ಇನ್ನೂ ಬಂದಿರಲಿಲ್ಲ. ನಾನು ನಿಮ್ಮ ಕೈ ತಟ್ಟಿ ಏನೆಂದೆ ಗೊತ್ತೇ? ‘ಹೋಗ್ಲಿ ಬಿಡಿ ಅಕ್ಕ. ವಯಸ್ಸಾದ ಮೇಲೆ ಮರೆವು ಎಲ್ಲರಿಗೂ ಇದ್ದದ್ದೇ.’ ಕೆಲಸ ಕಿತ್ತುಕೊಂಡದ್ದು ಹೊಟ್ಟೆಯುರಿಗೆ. ಇದು ಯಾತಕ್ಕೆ? ನನ್ನನ್ನೇ ನೋಡಿ ನಾನು ಹೆದರಿದ್ದು ಅವತ್ತು ಬಸ್ಸಿನಲ್ಲಿ ಕೂತ ಮೇಲೆ, ಅದೇ ಮೊದಲು.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನನಗೆ ಗೊತ್ತು. ನಿಮ್ಮ ಆ ಉತ್ತರಗಳೆಲ್ಲ ಇನ್ನೂ ಅಲ್ಲೇ ಇದ್ದವು. ತಾರೀಖಿನ ಸಮೇತ ಪ್ರಿಂಟು ತೆಗೆದು ಈ ಕಾಗದಕ್ಕೆ ಲಗತ್ತಿಸಿದ್ದೇನೆ. ಒಂದು ಪ್ರತಿ ನಿಮಗೆ, ಒಂದು ಡಾಕ್ಟರಿಗೆ. ಇನ್ನೊಂದನ್ನು ಈ ತಿಂಗಳ ಸಭೆಯಲ್ಲಿ, ಅವತ್ತು ನಕ್ಕವರ ಮುಂದೆ, ನಾನೇ ನಿಂತು ಓದುತ್ತೇನೆ. ಆಮೇಲೆ ನನ್ನ ಕೆಲಸ ಉಳಿಯುವುದಿಲ್ಲ, ಉಳಿಯಬಾರದು. ನಿಂಗಮ್ಮನ ಮನೆಗೂ ಹೋಗಿ ಹೇಳಬೇಕು. ಆ ಹೊಸ್ತಿಲು ಹೇಗೆ ದಾಟುವುದೋ ಇನ್ನೂ ತಿಳಿದಿಲ್ಲ.

ಇದನ್ನು ಯಾರಿಂದಲೂ ಓದಿಸಿಕೊಳ್ಳಬೇಡಿ ಅಕ್ಕ, ನೀವೇ ಓದಿ, ಎರಡು ಸಲ ಓದಿ. ನಿಮಗೆ ಮರೆವಿಲ್ಲ. ನೀವು ಹೇಳಿದ್ದಿರಿ. ಮೂರು ಸಲ ಹೇಳಿದ್ದಿರಿ, ಮೂರು ಸಲವೂ ನನಗೆ ಸರಿಯಾಗಿ ಕೇಳಿಸಿತ್ತು.