ಯಾದವ ಎದ್ದರೆ ಗ್ಯಾಲರಿ ಖಾಲಿ

ನಮ್ಮ ಊರಿನ ಫುಟ್‌ಬಾಲ್ ಪ್ರೇಕ್ಷಕರ ಮೇಲೆ ನನಗೆ ಸಿಟ್ಟು ಬಂದು ಎಷ್ಟೋ ವರ್ಷವಾಯಿತು, ಇನ್ನೂ ಇಳಿದಿಲ್ಲ. ಫಳ್ನೀರಿನ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತನಾದ ಮೇಲೆ, ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನದಲ್ಲಿ ನಡೆಯುವ ಪಂದ್ಯಗಳಿಗೆ ಮೈಕ್ ಹಿಡಿಯುವ ಕೆಲಸ ನನ್ನದು. ಮೊದಲಾರ್ಧದಲ್ಲಿ ಗ್ಯಾಲರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನ ಕಡಲೆ ತಿನ್ನುತ್ತಾರೆ, ರೆಫ್ರಿಗೆ ಬೈಯುತ್ತಾರೆ, ಪುರುಸೊತ್ತಾದರೆ ನನಗೂ ಬೈಯುತ್ತಾರೆ. ಇನ್ನೇನು ಆಟ ಮುಗಿಯಬೇಕು, ಮಜಾ ಬರುವುದೇ ಈಗ ಅನ್ನುವಾಗ ಎದ್ದು ಹೋಗಿಬಿಡುತ್ತಾರೆ. ಕಪ್ ಕೊಡುವ ಹೊತ್ತಿಗೆ ನಾನು ‘ಮಾನ್ಯ ಪ್ರೇಕ್ಷಕರೇ’ ಎಂದು ಕರೆಯುವುದು ಕಲ್ಲಿನ ಮೆಟ್ಟಿಲುಗಳನ್ನು ಮತ್ತು ಕಡಲೆ ಸಿಪ್ಪೆಯನ್ನು.

ಇದಕ್ಕೆಲ್ಲ ಒಬ್ಬನೇ ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ಅವನ ಹೆಸರು ಯಾದವ. ಪಣಂಬೂರು, ಸುರತ್ಕಲ್ ದಾಟಿ ಕಾಟಿಪಳ್ಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್.

ಯಾದವ ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಅಪ್ಪ, ದೊಡ್ಡಪ್ಪ, ಅಣ್ಣಂದಿರು ಎಲ್ಲ ಕಡಲಿಗೆ ಹೋದವರು. ಇವನನ್ನೂ ಬೋಟಿಗೆ ಹತ್ತಿಸಿದರು. ನದಿ ಕಡಲು ಸೇರುವ ಅಳಿವೆ ಬಾಗಿಲು ದಾಟುವ ಮೊದಲೇ ವಾಂತಿ ಮಾಡಿಕೊಂಡು, ಬಲೆಯ ರಾಶಿಯ ಮೇಲೆ ಮಗುಚಿ ಬಿದ್ದನಂತೆ. ಮೂರು ಸಲ ಹೀಗಾದ ಮೇಲೆ, ಸುರತ್ಕಲ್ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದ ತಾಯಿ ಅಕ್ಕು, ತಾನು ದಿನಾ ಬುಟ್ಟಿ ಇಟ್ಟುಕೊಂಡು ಬರುವ ಬಸ್ಸಿನವರ ಹತ್ತಿರ ಮಾತಾಡಿ ಮಗನನ್ನು ಕ್ಲೀನರ್ ಮಾಡಿಸಿದಳು. ಆ ಬಸ್ಸು ಕೂಳೂರು ಸೇತುವೆಯ ಮೇಲೆ ಬೋಟಿಗಿಂತ ಜಾಸ್ತಿ ಅಲುಗಾಡುತ್ತಿತ್ತು. ಅವನಿಗೆ ಏನೂ ಆಗಲಿಲ್ಲ. ಕಂಡಕ್ಟರ್ ಆದ, ಹಾಗೆಯೇ ಉಳಿದ. ಪ್ರಯಾಣಿಕರನ್ನು ಇಳಿಯುವ ಸ್ಟಾಪಿನಿಂದಲೇ ಕರೆಯುತ್ತಾನೆ: ಪಣಂಬೂರು ಅಕ್ಕ, ಕೂಳೂರು ಮಾಸ್ಟ್ರು. ಮೀನಿನ ಬುಟ್ಟಿಗೆ ಮೂಗು ಮುಚ್ಚಿದವರನ್ನು ಕಂಡರೆ ಮಾತ್ರ ಅವನಿಗಾಗದು. ‘ರಾತ್ರಿ ಊಟಕ್ಕೆ ಎಂತ ನಿಮ್ಮಲ್ಲಿ?’ ಎಂದು ಎಲ್ಲರಿಗೂ ಕೇಳುವ ಹಾಗೆ ವಿಚಾರಿಸುತ್ತಾನೆ.

ಫುಟ್‌ಬಾಲ್ ಎಂದರೆ ಅವನಿಗೆ ಪ್ರಾಣ. ಎರಡು ಟ್ರಿಪ್ಪುಗಳ ನಡುವೆ ಬಸ್ಸು ನಿಲ್ಲುವ ಹೊತ್ತಿನಲ್ಲಿ, ಚಹಾವನ್ನೂ ಬಿಟ್ಟು, ಖಾಕಿ ಅಂಗಿಯಲ್ಲೇ ಓಡಿ ಬಂದು ಗ್ಯಾಲರಿಯ ಮೇಲಿನ ಮೂಲೆಯಲ್ಲಿ ಕೂರುತ್ತಾನೆ. ಆದರೆ ಸಿಟಿ ಬಸ್ಸಿನ ಟೈಮಿಂಗ್ ಎಂದರೆ ಟೈಮಿಂಗ್. ಒಂದು ನಿಮಿಷ ತಡವಾದರೂ ಹಿಂದಿನ ಬಸ್ಸಿನವರು ನಡು ರಸ್ತೆಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಹೊತ್ತಾದ ಕೂಡಲೇ ಏಳುತ್ತಾನೆ. ಯಾರನ್ನೂ ಕರೆಯುವುದಿಲ್ಲ, ಚೀಲ ಸರಿಮಾಡಿಕೊಂಡು ಸುಮ್ಮನೆ ಏಳುತ್ತಾನೆ, ಅಷ್ಟೇ. ಅವನ ಹಿಂದೆ ಕಾಟಿಪಳ್ಳದವರು ಏಳುತ್ತಾರೆ, ಏಕೆಂದರೆ ಅವನು ಹೋದರೆ ಸೀಟು ಹೋಯಿತು. ಅವರನ್ನು ನೋಡಿ ಸುರತ್ಕಲ್‌ನವರು. ಅಷ್ಟು ಜನ ಎದ್ದ ಮೇಲೆ ತಾವು ಮಾತ್ರ ಕೂತು ಮಾಡುವುದೇನು ಎಂದು ಉಳಿದವರೂ ಏಳುತ್ತಾರೆ. ಈ ಪದ್ಧತಿ ಎಷ್ಟು ಗಟ್ಟಿಯಾಗಿದೆಯೆಂದರೆ, ಜನ ಈಗ ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾರೆ. ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಯಾದವನ ಮೇಲೆ.

ಒಮ್ಮೆ ನಾನು ಮೈಕಿನಲ್ಲೇ ಕೇಳಿದ್ದೆ, “ಯಾದವ, ನಿನಗೆ ಎಂತ ಅವಸರ ಮಾರಾಯ?”

“ನನಗಲ್ಲ ಬೊನಿಫಾಸ್ ಮಾಸ್ಟ್ರೇ, ಬಸ್ಸಿಗೆ,” ಎಂದು ಮೆಟ್ಟಿಲಿಳಿಯುತ್ತಲೇ ಹೇಳಿ ಹೋದ.

ಪ್ರತಿ ಸಲವೂ ಆಮೇಲೆ ಪಣಂಬೂರಿನ ಹತ್ತಿರದಿಂದ ಫೋನ್ ಮಾಡುತ್ತಾನೆ. ‘ಎಂತ ಆಯ್ತು ಮಾಸ್ಟ್ರೇ?’ ನಾನು ಮೊದಲು ಎರಡು ಬೈಗುಳ ಕೊಟ್ಟು ಆಮೇಲೆ ಹೇಳುತ್ತೇನೆ. ಅವನು ಅದನ್ನು ಇಡೀ ಬಸ್ಸಿಗೆ ಕೂಗಿ ಹೇಳುತ್ತಾನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಪಂದ್ಯದ ಕೊನೆಯನ್ನು ಅವನು ಕಣ್ಣಾರೆ ನೋಡಿದವನಲ್ಲ. ಪಾಪ ಅನ್ನಿಸುತ್ತದೆ, ಆದರೆ ಅವನ ಎದುರು ಹಾಗೆ ಹೇಳಿದವನಲ್ಲ ನಾನು.

ಅವನ ಮಗಳು ವಿಜೇತಾ ಸುರತ್ಕಲ್‌ನ ಕಾಲೇಜಿನಲ್ಲಿ ಓದುತ್ತಾಳೆ, ಗೋಲ್‌ಕೀಪರ್. ಉದ್ದ ಕೈ, ಕಡಿಮೆ ಮಾತು. ಈ ವರ್ಷ ಹುಡುಗಿಯರ ಪಂದ್ಯಾವಳಿಯಲ್ಲಿ ಅವಳ ತಂಡ ಫೈನಲಿಗೆ ಬಂತು. ಸೆಮಿಫೈನಲ್ ಮುಗಿದ ಮರುದಿನ, ಬಸ್ ಸ್ಟ್ಯಾಂಡಿನಲ್ಲಿ ನಾನೂ ಯಾದವನೂ ಮಾತಾಡುತ್ತಿದ್ದಾಗ ಬಂದು ಅಪ್ಪನಿಗೆ ನೇರವಾಗಿ ಹೇಳಿದಳು.

“ಎರಡನೇ ಹಾಫಿನಲ್ಲಿ ನನ್ನ ಗೋಲು ಗ್ಯಾಲರಿ ಬದಿಗೆ ಬರ್ತದೆ. ಕೊನೆಗೆ ತಿರುಗಿ ನೋಡಿದ್ರೆ ಒಬ್ಬರೂ ಇರುವುದಿಲ್ಲ. ನೀವೂ ಇರುವುದಿಲ್ಲ. ಫೈನಲಿಗೆ ಒಂದು ಸಲ ಕೊನೆವರೆಗೆ ಕೂತ್ಕೊಳ್ಳಿ ಅಪ್ಪ. ಸೋತರೂ ನೋಡಿ.”

ಅವಳು ಹೋದ ಮೇಲೆ ಯಾದವ, “ಅವಳು ನನ್ನಲ್ಲಿ ಏನನ್ನೂ ಕೇಳುವವಳಲ್ಲ ಮಾಸ್ಟ್ರೇ,” ಅಂದ. ಫೈನಲ್ ದಿನ ರಜೆ ಹಾಕಿದ. ಬಸ್ಸನ್ನು ಅಝರ್ ಎಂಬ ಇನ್ನೊಬ್ಬ ಕಂಡಕ್ಟರಿಗೆ ಒಪ್ಪಿಸಿದ.

ಆ ದಿನ ಬಿಳಿ ಅಂಗಿ ಹಾಕಿ, ಕೂದಲು ಬಾಚಿ, ಮದುವೆಗೆ ಹೊರಟವನ ಹಾಗೆ ಬಂದಿದ್ದ. ಮೂಲೆಯನ್ನು ಬಿಟ್ಟು, ಗೋಲಿನ ನೇರ ಹಿಂದೆ ಗ್ಯಾಲರಿಯ ನಡುವೆ ಕೂತ. ವಿಜೇತಾಳ ತಂಡ ಒಂದು ಗೋಲು ಹೊಡೆಯಿತು. ಎರಡನೇ ಹಾಫ್ ಸಾಗಿತು. ಅವನು ಏಳುವ ಹೊತ್ತು ಬಂತು, ಹೋಯಿತು, ಅವನು ಅಲುಗಲಿಲ್ಲ. ಜನರೂ ಅಲುಗಲಿಲ್ಲ. ಸಂತೋಷಕ್ಕೆ ನಾನು ಮೈಕಿನಲ್ಲಿ ಸುಮ್ಮಸುಮ್ಮನೆ ಎರಡು ಸಲ ‘ಮಾನ್ಯ ಪ್ರೇಕ್ಷಕರೇ’ ಅಂದೆ.

ಆಗ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಗೋಲಾದರೆ ಸಮ. ಗೋಲಿನಲ್ಲಿ ವಿಜೇತಾ ಒಬ್ಬಳೇ. ಹೆತ್ತ ಅಪ್ಪ ಕೂತಿರುವುದು ಹೇಗೆ? ಯಾದವ ಎದೆಗೆ ಕೈ ಒತ್ತಿ ಎದ್ದು ನಿಂತ.

ಅಷ್ಟು ಸಾಕಾಯಿತು. ಅಂಗಿ ಬೇರೆ, ಚೀಲ ಇಲ್ಲ, ಅದನ್ನೆಲ್ಲ ಯಾರು ನೋಡುತ್ತಾರೆ? ಯಾದವ ಎದ್ದ ಎಂದರೆ ಬಸ್ ಹೊರಟಿತು. ಕಾಟಿಪಳ್ಳ ಎದ್ದಿತು, ಸುರತ್ಕಲ್ ಎದ್ದಿತು. ಪೆನಾಲ್ಟಿ ಬಿಟ್ಟು ಹೋಗುವ ದುಃಖದಲ್ಲಿ ಹಿಂದೆ ಹಿಂದೆ ನೋಡುತ್ತಲೇ ಜನ ಬಾಗಿಲಿನ ಕಡೆ ಇಳಿಯತೊಡಗಿದರು. ಅಷ್ಟೊಂದು ಚಪ್ಪಲಿಗಳ ಸದ್ದಿಗೆ ವಿಜೇತಾ ತಿರುಗಿ ನೋಡಿದಳು. ಅವಳ ಮುಖ ನನಗೆ ಕಂಡಿತು. ಸಿಟ್ಟಲ್ಲ, ‘ನನಗೆ ಗೊತ್ತಿತ್ತು’ ಎನ್ನುವ ಮುಖ. ಮತ್ತೆ ಚೆಂಡಿನ ಕಡೆ ತಿರುಗಿದಳು.

ತಾನು ಎದ್ದದ್ದೇ ಇದಕ್ಕೆ ಕಾರಣ ಎಂದು ಯಾದವನಿಗೆ ಆಗ ಹೊಳೆಯಿತು. ಓಡಿ ಬಾಗಿಲಿಗೆ ಅಡ್ಡ ನಿಂತು, ಎರಡೂ ಕೈ ಚಾಚಿ, “ಬಸ್ ಇಲ್ಲ, ಬಸ್ ಇಲ್ಲ,” ಅಂದ. ಜನ ಇನ್ನೂ ಗಾಬರಿಯಾದರು. ಬಸ್ ತಪ್ಪಿಹೋಯಿತು ಎಂದುಕೊಂಡು ನೂಕತೊಡಗಿದರು. ಕೊನೆಗೆ ಅವನು ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ಆ ಗಂಟಲಿನಲ್ಲಿ ಕೂಗಿದ, “ನನಗೆ ಇವತ್ತು ರಜೆ. ಗೋಲಿನಲ್ಲಿರುವುದು ನನ್ನ ಮಗಳು. ಬಸ್ ಹೋದರೆ ಹೋಗಲಿ, ಇನ್ನೊಂದು ಬರ್ತದೆ. ಕುಲ್ಲುಲೆ, ಎಲ್ಲರೂ ಕೂತ್ಕೊಳ್ಳಿ.”

ಇನ್ನೊಂದು ಬಸ್ ಬರುತ್ತದೆ ಎಂದು ಯಾದವನ ಬಾಯಲ್ಲಿ ಅದುವರೆಗೆ ಕೇಳಿದವರು ಅಲ್ಲಿ ಯಾರೂ ಇರಲಿಲ್ಲ. ಜನ ನಿಂತರು, ಒಬ್ಬರ ಮುಖ ಒಬ್ಬರು ನೋಡಿದರು, ತಿರುಗಿ ಹತ್ತಿದರು. ಅವನು ಮೈದಾನಕ್ಕೆ ಬೆನ್ನು ಹಾಕಿ, “ಮೇಲೆ ಹೋಗಿ, ಮೇಲೆ ಜಾಗ ಉಂಟು, ಸ್ವಲ್ಪ ಅಡ್ಜಸ್ಟ್ ಮಾಡಿ,” ಎಂದು ಒಬ್ಬೊಬ್ಬರನ್ನೇ ಕೂರಿಸುತ್ತಿದ್ದ. ಮೀನಿನ ಖಾಲಿ ಬುಟ್ಟಿ ಹಿಡಿದಿದ್ದ ಒಬ್ಬ ಅಜ್ಜಿಯನ್ನು ತೋಳು ಹಿಡಿದು ಹತ್ತಿಸುತ್ತಿದ್ದಾಗಲೇ ಗ್ಯಾಲರಿಗೆ ಗ್ಯಾಲರಿಯೇ ಭೋರೆಂದಿತು.

ವಿಜೇತಾ ಬಲಕ್ಕೆ ಹಾರಿ ಚೆಂಡನ್ನು ತಡೆದಿದ್ದಳು. ನಾನು ಮೈಕಿನಲ್ಲಿ ಏನು ಕೂಗಿದೆನೋ ನನಗೇ ನೆನಪಿಲ್ಲ, ನನ್ನ ಮನೆಮಾತು ಕೊಂಕಣಿಯಲ್ಲಿ ಕೂಗಿದೆ ಎಂದು ಆಮೇಲೆ ಹೇಳಿದರು. ಯಾದವ ತಿರುಗುವಷ್ಟರಲ್ಲಿ ಅವಳು ಚೆಂಡನ್ನು ಅಪ್ಪಿಕೊಂಡು ನೆಲದಲ್ಲಿದ್ದಳು.

ಕಪ್ ಕೊಡುವಾಗಲೂ ಗ್ಯಾಲರಿ ತುಂಬಿತ್ತು. ಅಷ್ಟು ಜನರನ್ನು ಕಂಡು ನನಗೆ ಭಾಷಣವೇ ಮರೆತುಹೋಯಿತು. ಎಲ್ಲ ಮುಗಿದು ಜನ ಚದುರಿದ ಮೇಲೆ ವಿಜೇತಾ ಅಪ್ಪನ ಹತ್ತಿರ ಬಂದಳು. ಮೊಣಕೈ ತರಚಿತ್ತು.

“ನೋಡಿದ್ರಾ ಅಪ್ಪ?”

ನೋಡಿದೆ ಎಂದುಬಿಡು ಮಾರಾಯ ಎಂದು ಪಕ್ಕದಲ್ಲಿ ನಿಂತು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ.

“ಇಲ್ಲ ಮಗಾ. ಜನರನ್ನು ಕೂರಿಸ್ತಾ ಇದ್ದೆ,” ಅಂದ. “ಕಾಟಿಪಳ್ಳದವರೆಲ್ಲ ನೋಡಿದ್ರು.”

ವಿಜೇತಾ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ, ಪೆನಾಲ್ಟಿ ಗುರುತಿನ ಮೇಲೆ ಚೆಂಡಿಟ್ಟು, “ಹೊಡೀರಿ,” ಅಂದಳು. ತಾನು ಹೋಗಿ ಗೋಲಿನಲ್ಲಿ ನಿಂತಳು.

ಯಾದವ ಚಪ್ಪಲಿ ಬಿಚ್ಚಿಟ್ಟು ಒದ್ದ. ಚೆಂಡು ತೆವಳುತ್ತ ಎಡಮೂಲೆಗೆ ಹೋಗಿ ಗೋಲಾಯಿತು. ಅವಳು ಅದರ ಕಡೆ ನೋಡಲೂ ಇಲ್ಲ. ಪಂದ್ಯದಲ್ಲಿ ಹಾರಿದ ಹಾಗೆಯೇ, ಪೂರ್ತಿ ಉದ್ದಕ್ಕೆ, ಬಲಕ್ಕೆ ಹಾರಿ ಬಿದ್ದಳು.

“ಹೀಗೆ,” ಅಂದಳು, ಮಣ್ಣಿನಲ್ಲಿ ಬಿದ್ದುಕೊಂಡೇ.

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. “ಇನ್ನೊಮ್ಮೆ ತೋರಿಸು,” ಅಂದು, ಚೆಂಡು ತರಲು ತಾನೇ ಗೋಲಿನೊಳಗೆ ಹೋದ.