ಭೇದಿಯ ಕಾಲಂ

ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು ನಾನು ಕೆಲಸಕ್ಕೆ ಸೇರಿದ್ದು ಕೊಪ್ಪದಲ್ಲಿ ಆಗ ಇದ್ದ, ಈಗ ಮುಚ್ಚಿಹೋಗಿರುವ ಒಂದು ಸಣ್ಣ ಆಸ್ಪತ್ರೆಗೆ. ಎಂಬತ್ತರ ದಶಕದ ಮೊದಲ ವರ್ಷಗಳು. ಮನೆಗೆ ಹೋದ ರೋಗಿಗಳ ಚೀಟಿ ನೋಡಿ, ದಪ್ಪ ಪುಸ್ತಕವೊಂದರಿಂದ ಅವರ ಕಾಯಿಲೆಯ ಸಂಖ್ಯೆ ಹುಡುಕಿ ರಿಜಿಸ್ಟರಿಗೆ ಇಳಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೇ ಕಣ್ಣು ಉರಿಯುತ್ತಿತ್ತು.

ಒಮ್ಮೆ ಮುತ್ತಿನಕೊಪ್ಪದ ಆರು ವರ್ಷದ ಹುಡುಗಿಯ ಚೀಟಿ ಬಂತು. ತಾಯಿ ಕೂಲಿಯವರು. ಮಂಗಳೂರಿನಲ್ಲಿ ಪರೀಕ್ಷೆ ಮಾಡಿ ‘ಸೀಲಿಯಾಕ್’ ಎಂದು ಬರೆದುಕೊಟ್ಟಿದ್ದರು. ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ. ಪುಸ್ತಕದಲ್ಲಿ ಸಿಕ್ಕಿತು: 579.0. ಬರೆಯಹೊರಟಾಗ ಹೆಡ್ ಕ್ಲಾರ್ಕ್ ಇಣುಕಿದರು.

“ಎಂತ ಮಾರಾಯ್ತಿ ಇದು? ತಿಂಗಳ ವರದೀಲಿ ಇದಕ್ಕೆ ಕಾಲಂ ಎಲ್ಲಿದೆ? ಭೇದಿ ಅಂತ ಹಾಕು.”

“ಭೇದಿ ಬೇರೆ, ಸರ್.”

“ಚೊಂಬು ಹಿಡ್ಕಂಡು ಓಡೂದು ಎರಡಕ್ಕೂ ಒಂದೇ ಅಲ್ವಾ?”

ವಾದಿಸಲು ಶಕ್ತಿಯಿರಲಿಲ್ಲ. ಭೇದಿ ಎಂದೇ ಬರೆದೆ.

ಕೆಲವು ತಿಂಗಳ ನಂತರ ಆ ಹುಡುಗಿ ಮತ್ತೆ ದಾಖಲಾದಳು. ಹಳೆಯ ಚೀಟಿಗಳನ್ನು ಯಾರೂ ಹುಡುಕುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಇದ್ದದ್ದನ್ನೇ ಹಾಸಿಗೆಯ ಕಾರ್ಡಿಗೆ ಬರೆಯುವುದು ವಾಡಿಕೆ. ನರ್ಸ್ ಬಂದು ಹಿಂದಿನ ಸಲದ ಕಾಯಿಲೆ ಯಾವುದೆಂದು ಕೇಳಿದರು. ‘ಭೇದಿ’ ಎಂದು ಓದಿ ಹೇಳಿದವಳು ನಾನೇ. ನನಗೆ ಏನೂ ನೆನಪಾಗಲಿಲ್ಲ.

ನಾಲ್ಕನೆಯ ದಿನ ಕಾರ್ಡುಗಳನ್ನು ತರಲು ವಾರ್ಡಿಗೆ ಹೋದಾಗ ಅವಳನ್ನು ನೋಡಿದೆ. ಹೊಟ್ಟೆ ಉಬ್ಬಿತ್ತು, ತಲೆ ಎತ್ತಲೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಮೂರು ಪೊಟ್ಟಣ ಬ್ರೆಡ್ಡು. ನಮ್ಮ ಕಡೆ ಬ್ರೆಡ್ಡು ಕಾಯಿಲೆಯವರ ಆಹಾರ; ರೋಗಿಯನ್ನು ನೋಡಲು ಬರುವವರು ಅದನ್ನೇ ತರುತ್ತಾರೆ. ಅದು ಕಂಡಾಗ ಮಂಗಳೂರಿನ ಆ ಚೀಟಿ ನೆನಪಾಯಿತು.

“ಇವಳಿಗೆ ಗೋಧಿ ಕೊಡಬೇಡಿ ಅಂತ ಮಂಗಳೂರಲ್ಲಿ ಅಂದಿರಲಿಲ್ವಾ?” ಎಂದು ಹತ್ತಿರ ಕೂತಿದ್ದ ತಾಯಿಯನ್ನು ಕೇಳಿದೆ.

“ಅಂದಿದ್ರು ಅಮ್ಮಾ,” ಎಂದರು ತಾಯಿ. “ನಮ್ಮನೇಲಿ ಗೋಧಿ ಯಾರು ತಿಂತಾರೆ? ಗಂಜಿ ಉಣ್ಕಂಡು ಚೆನ್ನಾಗೇ ಇದ್ಲು. ಜ್ವರ ಬಂತು ಅಂತ ಬ್ರೆಡ್ ಕೊಟ್ಟೆ, ಅಷ್ಟೆ. ಇಲ್ಲೂ ಹಾಲು ಬ್ರೆಡ್ಡೇ ಕೊಡಿ ಅಂದ್ರು.”

“ಬ್ರೆಡ್ ಮಾಡೋದು ಗೋಧೀಲೇ.”

ಅವರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು. “ಇದು ಗೋಧಿಯಾ? ಇಷ್ಟು ಬೆಳ್ಳಗಿದೆಯಲ್ಲ!”

ಹಳೆಯ ಚೀಟಿ ಹುಡುಕಿ ಡಾಕ್ಟರಿಗೆ ಕೊಟ್ಟೆ. ತಪ್ಪು ಬರೆದದ್ದು ನಾನು ಎಂದೂ ಹೇಳಿದೆ. ಅವರು ಕಾರ್ಡ್ ತಿದ್ದಿದರು. ಅಂದಿನಿಂದ ಅಕ್ಕಿ ಗಂಜಿ. ವಾರ ಕಳೆದ ಮೇಲೆ ಹುಡುಗಿ ಎದ್ದು ಕೂತಳು.

ರಿಜಿಸ್ಟರಿನ ಹಳೆಯ ಸಾಲು ಹೊಡೆದುಹಾಕಿ 579.0 ಬರೆದೆ, ತಿಂಗಳ ವರದಿಯಲ್ಲೂ ಅದನ್ನೇ ಹಾಕಿದೆ. ಕಾಲಂ ಇಲ್ಲವೆಂದು ವರದಿ ಜಿಲ್ಲಾ ಕಚೇರಿಯಿಂದ ವಾಪಸ್ ಬಂತು. ಅದನ್ನೇ ಮತ್ತೆ ಬರೆದು ಕಳಿಸಿದೆ.

ತಾಯಿ ಮಗಳು ಮನೆಗೆ ಹೊರಟ ದಿನ ಅವರನ್ನು ಬಾಗಿಲಲ್ಲಿ ನಿಲ್ಲಿಸಿದೆ. ತಾಯಿಗೆ ಓದು ಬರುತ್ತಿರಲಿಲ್ಲ, ಕೊಡಬಾರದ್ದನ್ನೆಲ್ಲ ಬಾಯಲ್ಲೇ ಹೇಳಿಸಿದೆ. ಬ್ರೆಡ್ಡು, ಬನ್ನು, ರಸ್ಕು, ರವೆ, ಚಪಾತಿ. ಎರಡು ಸಲ ಸರಿಯಾಗಿ ಹೇಳಿದರು. ಮೂರನೆಯ ಸಲ ತಡವರಿಸಿದರು.

“ನೀನು ರಸ್ಕು ಬಿಟ್ಟೆ, ಅಮ್ಮ,” ಎಂದಳು ಹುಡುಗಿ.